ನಾನು ಕೇಳಿದ್ದು ಇಪ್ಪತ್ತು ನಿಮಿಷ: ಶಿಕಾಗೋ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಸಮಿತಿಯ ಎಲ್ಲ ಪದಾಧಿಕಾರಿಗಳಿಗೆ ಮತ್ತು ಶಿಕಾಗೋ ಸುತ್ತಮುತ್ತ ನೆಲೆಸಿರುವ ಕನ್ನಡ ಬಂಧುಗಳಿಗೆ,

ನಮಸ್ಕಾರ.

ಸಂಘದ ಹೆಸರು ಇಲ್ಲಿ ಬರೆಯುವುದಿಲ್ಲ. ಯಾರಿಗೆ ಗೊತ್ತಾಗಬೇಕೋ ಅವರಿಗೆ ಗೊತ್ತಾಗುತ್ತದೆ. ಉಳಿದವರು ತಮ್ಮ ತಮ್ಮ ಸಂಘ ಅಂದುಕೊಂಡೇ ಓದಬಹುದು, ಏನೂ ವ್ಯತ್ಯಾಸ ಆಗುವುದಿಲ್ಲ.

ಹೋದ ತಿಂಗಳು ರಾಜ್ಯೋತ್ಸವದ ತಯಾರಿಗೆ ಮೀಟಿಂಗ್ ಕರೆದಿದ್ದಿರಿ. ಬೇಸ್‌ಮೆಂಟು, ಮಡಚುವ ಕುರ್ಚಿಗಳು, ಅಲ್ಯೂಮಿನಿಯಂ ಟ್ರೇನಲ್ಲಿ ಬಿಸಿಬೇಳೆಬಾತ್. ನಾನು ಹೋಗುವಷ್ಟರಲ್ಲಿ ಬೂಂದಿ ಎಂದಿನಂತೆ ಖಾಲಿ. ನನ್ನ ಸರದಿ ಬಂದಾಗ ಕೇಳಿದ್ದು ಇಷ್ಟೇ. ನಾಲ್ಕೂವರೆ ಗಂಟೆಯ ಕಾರ್ಯಕ್ರಮದಲ್ಲಿ ಇಪ್ಪತ್ತು ನಿಮಿಷ ಕೊಡಿ. ಈ ಊರಿನ ಸೌತ್ ಸೈಡಿನ ಕಪ್ಪು ಕುಟುಂಬಗಳು 1940, 50, 60ರ ದಶಕದಲ್ಲಿ ತಾವೇ ತೆಗೆದುಕೊಂಡ ಹಳೇ ಫಿಲ್ಮುಗಳಲ್ಲಿ ಒಂದಿಷ್ಟು ತುಣುಕು ತೋರಿಸೋಣ, ಅಂಥ ಒಂದು ಮನೆಯ ಹಿರಿಯರನ್ನು ಕರೆದು ಐದು ನಿಮಿಷ ಮಾತಾಡಿಸೋಣ, ಒಂದು ಶಾಲು ಹೊದಿಸಿ, ಊಟ ಹಾಕಿ ಕಳಿಸೋಣ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ನಕ್ಕರು. "ಸಾರ್, ರಾಜ್ಯೋತ್ಸವಕ್ಕೂ ಅವರಿಗೂ ಏನ್ ಸಾರ್ ಸಂಬಂಧ?" ಇನ್ನೊಬ್ಬರು, "ಆ ಏರಿಯಾದವರನ್ನ ಇಲ್ಲಿಗೆ ಕರೆಸೋದಾ?" ಅಂದರು. ಮೂರನೆಯವರು ನಿಜಕ್ಕೂ ಒಳ್ಳೆಯವರು, ನನ್ನ ಹೆಂಡತಿಗೆ ಆಪರೇಷನ್ ಆದಾಗ ಹದಿನೈದು ದಿನ ಸಾರು, ಪಲ್ಯ ಕಳಿಸಿದವರು. ಅವರು ಮೆಲ್ಲಗೆ, "ಮಕ್ಕಳೆಲ್ಲ ಬಂದಿರ್ತಾರೆ, ಸುಮ್ನೆ ಯಾಕೆ ಪಾಲಿಟಿಕ್ಸು, ಬಿಡಿ" ಅಂದರು. ಬಿಟ್ಟೆ. ಆ ಇಪ್ಪತ್ತು ನಿಮಿಷ ಇನ್ನೊಂದು ಸಿನಿಮಾ ಡಾನ್ಸಿಗೆ ಹೋಯಿತು. ಹನ್ನೊಂದು ಡಾನ್ಸು ಆಗಲೇ ಇದ್ದವು.

ಮನೆಗೆ ಬರುವಾಗ ಕಾರಿನಲ್ಲಿ ಸಿಟ್ಟು ಬಂದಿತ್ತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ನಾನು 1998ರಲ್ಲಿ ಒ'ಹೇರ್ ಏರ್‌ಪೋರ್ಟಿನಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಬಂದ ಅಣ್ಣನೊಬ್ಬರು ಮೊದಲು ಹೇಳಿದ ಮೂರು ಮಾತು ಇನ್ನೂ ನೆನಪಿದೆ. ತೊಗರಿಬೇಳೆ ಡೆವಾನ್ ಅವೆನ್ಯೂದಲ್ಲಿ ಸಿಗುತ್ತೆ. ಚಳಿಗೆ ಕಿವಿ ಮುಚ್ಚೋ ಟೋಪಿ ತಗೋ. ಸೌತ್ ಸೈಡ್ ಕಡೆ ಮಾತ್ರ ಹೋಗಬೇಡ. ನಾನೂ ಮುಂದೆ ಹೊಸಬರಿಗೆ ಇದೇ ಮೂರು ಮಾತು ಹೇಳಿದ್ದೇನೆ, ಕಮ್ಮಿ ಅಂದರೂ ಮೂವತ್ತು ಜನಕ್ಕೆ. ಇಪ್ಪತ್ತು ವರ್ಷ ಈ ಊರಿನಲ್ಲಿದ್ದು ಅರ್ಧ ಊರನ್ನು ನಾನು ನೋಡಿದ್ದು ರಾತ್ರಿ ಹತ್ತರ ನ್ಯೂಸಿನಲ್ಲಿ, ಪೊಲೀಸ್ ಟೇಪಿನ ಹಿಂದೆ.

ಒಂದು ಪದದ ಬಗ್ಗೆಯೂ ಹೇಳಿಬಿಡುತ್ತೇನೆ. ನಾವು ಮನೆಯೊಳಗೆ ಕಪ್ಪು ಜನರನ್ನು ಏನಂತ ಕರೆಯುತ್ತೇವೆ ಅಂತ ಎಲ್ಲರಿಗೂ ಗೊತ್ತು. ನಮ್ಮೂರಲ್ಲಿ ಕರಿಯಮ್ಮ ಅಂದರೆ ದೇವರು, ಕರಿಯಪ್ಪ ಅಂದರೆ ಗೌರವದ ಹೆಸರು. ವಿಮಾನ ಹತ್ತಿ ಇಲ್ಲಿ ಇಳಿದ ಮೇಲೆ ಅದೇ ಪದ ನಮ್ಮ ಬಾಯಲ್ಲಿ ಹೇಗೆ ಬದಲಾಯಿತು ನೋಡಿ. ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ ಸ್ವಾಮಿ, ಅವರಿಗೆ ಕನ್ನಡ ಬರಲ್ಲ ಅಂತ ಅಂದುಕೊಳ್ಳಬೇಡಿ. ಇಂಥದ್ದು ಚೆನ್ನಾಗಿ ಬರುತ್ತದೆ.

ನಾನು ಬದಲಾದದ್ದು ಯಾವ ದೊಡ್ಡ ಜ್ಞಾನೋದಯದಿಂದಲೂ ಅಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಎಂಟು ವರ್ಷ ಕೂತು ಕೆಲಸ ಮಾಡಿದ ಹೆಂಗಸೊಬ್ಬರು ರಿಟೈರ್ ಆಗುವ ಮೊದಲು ಕರೆದರು. "ನಮ್ಮ ಅಪ್ಪ ತೆಗೆದ ಫಿಲ್ಮ್ ತೋರಿಸ್ತಾರೆ, ಬರ್ತೀಯಾ?" ಅಂತ. ಎಲ್ಲಿ ಅಂದೆ. ಸೌತ್ ಸೈಡಿನ ವಾಷಿಂಗ್ಟನ್ ಪಾರ್ಕ್ ಹತ್ತಿರ ಅಂದರು. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ, "ಪಾರ್ಕಿಂಗ್ ಚೆನ್ನಾಗಿದೆ" ಅಂತ ನಕ್ಕರು. ಎಂಟು ವರ್ಷದಲ್ಲಿ ಅವರು ಎರಡು ಸಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾವು ಅವರ ಮನೆಗೆ ಒಂದು ಸಲವೂ ಹೋಗಿರಲಿಲ್ಲ.

ಸಣ್ಣ ಹಾಲು. ಎಂಬತ್ತು ಜನ ಇದ್ದಿರಬಹುದು, ಬಹುಪಾಲು ವಯಸ್ಸಾದವರು, ಭಾನುವಾರ ಚರ್ಚಿಗೆ ಹೋಗುವ ಹಾಗೆ ಅಚ್ಚುಕಟ್ಟಾಗಿ ಬಂದಿದ್ದರು. ದೀಪ ಆರಿತು. ಪರದೆಯ ಮೇಲೆ ಈಸ್ಟರ್ ದಿನ. ಒಂದು ಕಲ್ಲಿನ ಮನೆ, ಮೂರು ಮೆಟ್ಟಿಲು. ಮೆಟ್ಟಿಲ ಮೇಲೆ ಐದಾರು ವರ್ಷದ ಹುಡುಗಿ, ತಿಳಿ ಹಳದಿ ಫ್ರಾಕು, ಬಿಳೀ ಕೈಗವಸು. ಟೋಪಿ ಗಾಳಿಗೆ ಹಾರುತ್ತದೆ ಅಂತ ಅಮ್ಮ ಅವಳ ಗದ್ದದ ಕೆಳಗೆ ಎಲಾಸ್ಟಿಕ್ ಎಳೆದು ಸರಿ ಮಾಡುತ್ತಿದ್ದಾಳೆ. ಹುಡುಗಿ ಮುಖ ಸಿಂಡರಿಸುತ್ತಾಳೆ. ಅಮ್ಮ ಕ್ಯಾಮೆರಾ ಕಡೆ ತಿರುಗಿ ಏನೋ ಬೈಯುತ್ತಾಳೆ. ಸದ್ದಿಲ್ಲ, ಬರೀ ತುಟಿ. ಕ್ಯಾಮೆರಾ ಹಿಡಿದವನು ಗಂಡ ಅಂತ ಆ ಬೈಗುಳ ನೋಡಿದರೇ ಗೊತ್ತಾಗುತ್ತದೆ. ಬಣ್ಣ ಎಷ್ಟು ಗಟ್ಟಿ ಅಂದರೆ ಎದುರು ಮನೆಯ ಕಿಟಕಿಯಲ್ಲಿದ್ದ ಕೆಂಪು ಹೂವಿನ ಕುಂಡ ಮೊನ್ನೆ ಇಟ್ಟ ಹಾಗಿತ್ತು.

ಫಿಲ್ಮಿಗೆ ಸದ್ದಿಲ್ಲ ಅಂತ ಹಾಲು ಸುಮ್ಮನಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, "ಅದು ಬ್ಯೂಕ್ ಕಾರು!" ಇನ್ನೊಬ್ಬರು, "ಆ ಮೂಲೆ ಅಂಗಡಿಯವನು ಸಾಲ ಕೊಡ್ತಿರಲಿಲ್ಲ." ಒಬ್ಬ ಅಜ್ಜಿ ಎದ್ದೇ ನಿಂತು, "ಆ ಸಾಲಿನ ಮನೆ ಒಂದೂ ಈಗ ಇಲ್ಲ" ಅಂದರು. ಯಾರೋ ಹೌದು ಹೌದು ಅಂದರು. ನನ್ನ ಪಕ್ಕ ಕೂತ ಆ ಸಹೋದ್ಯೋಗಿ ಮಾತ್ರ ಏನೂ ಮಾತಾಡಲಿಲ್ಲ, ಕೈಯಲ್ಲಿ ಟಿಶ್ಯೂ ಹಿಡಿದು ಕೂತಿದ್ದರು. ಹಳದಿ ಫ್ರಾಕಿನ ಹುಡುಗಿ ಅವರ ಅಕ್ಕ. ತೀರಿಕೊಂಡು ಮೂರು ವರ್ಷ ಆಗಿತ್ತು.

ನನಗೆ ನೆನಪಾದದ್ದು ನಮ್ಮ ಮನೆ. ಯುಗಾದಿಯ ದಿನ ಹೊಸ ಲಂಗ ಹಾಕಿಸಿ ಮೆಟ್ಟಿಲ ಮೇಲೆ ನಿಲ್ಲಿಸಿದರೆ ನನ್ನ ತಂಗಿಯೂ ಹೀಗೇ ಮುಖ ಸಿಂಡರಿಸುತ್ತಿದ್ದಳು. ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ, ಅಷ್ಟೇ.

ಆ ಫಿಲ್ಮುಗಳನ್ನು ಕೂಡಿಡುವವರು ಸೌತ್ ಸೈಡ್ ಹೋಮ್ ಮೂವಿ ಪ್ರಾಜೆಕ್ಟ್‌ನವರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಇತಿಹಾಸ ಕಲಿಸುವ ಜಾಕ್ವೆಲಿನ್ ಸ್ಟೀವರ್ಟ್ 2005ರಲ್ಲಿ ಇದನ್ನು ಶುರು ಮಾಡಿದರು. ಸ್ವತಃ ಸೌತ್ ಸೈಡಿನಲ್ಲೇ ಬೆಳೆದವರು, 2021ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು. ಕೆಲಸ ಕೇಳಲು ಸುಲಭ. ಜನರ ಅಟ್ಟದ ಮೇಲೆ, ಬೇಸ್‌ಮೆಂಟಿನಲ್ಲಿ, ಶೂ ಡಬ್ಬಿಯಲ್ಲಿ ಬಿದ್ದಿರುವ 8 ಎಂಎಂ, ಸೂಪರ್ 8, 16 ಎಂಎಂ ಫಿಲ್ಮುಗಳನ್ನು ತರಿಸಿಕೊಳ್ಳುವುದು, ಶುಚಿ ಮಾಡುವುದು, ಡಿಜಿಟಲ್ ಮಾಡುವುದು, ಆ ಮನೆಯವರನ್ನೇ ಕೂರಿಸಿ ಇದು ಯಾರು, ಯಾವ ಬೀದಿ, ಯಾವ ವರ್ಷ ಅಂತ ಕೇಳಿ ಬರೆದಿಡುವುದು, ಮತ್ತೆ ಅದೇ ಕೇರಿಯಲ್ಲಿ ಪರದೆ ಕಟ್ಟಿ ತೋರಿಸುವುದು. ಮಾಡುವುದು ಸುಲಭವಿಲ್ಲ. ಹಳೇ ಫಿಲ್ಮ್ ಕೊಳೆಯುವಾಗ ವಿನಿಗರ್ ವಾಸನೆ ಬರುತ್ತದೆ, ಡಬ್ಬಿ ತೆರೆದರೆ ಕೆಟ್ಟ ಉಪ್ಪಿನಕಾಯಿ ಭರಣಿ ತೆರೆದ ಹಾಗೆ. ಒಂದು ಸಲ ಆ ವಾಸನೆ ಶುರುವಾದರೆ ಫಿಲ್ಮ್ ಕುಗ್ಗುತ್ತದೆ, ಸುರುಟುತ್ತದೆ, ಆಮೇಲೆ ಯಾವ ಮೆಷಿನ್ನಿಗೂ ಹತ್ತುವುದಿಲ್ಲ.

ಅಂದಹಾಗೆ ಒಂದು ಸಣ್ಣ ರೋಲಿಗೆ ಬರುತ್ತಿದ್ದದ್ದು ಮೂರ್ನಾಲ್ಕು ನಿಮಿಷ ಮಾತ್ರ. ಅದಕ್ಕೇ ಅವರು ಎಣಿಸಿ ಎಣಿಸಿ ತೆಗೆದಿದ್ದಾರೆ. ನಾವು ಫೋನಿನಲ್ಲಿ ಮಗುವಿನ ಬರ್ತ್‌ಡೇನ ನಲವತ್ತು ನಿಮಿಷ ತೆಗೆದು ಒಂದು ಸಲವೂ ನೋಡುವುದಿಲ್ಲ.

ಈ ಮನೆ ಫಿಲ್ಮುಗಳು ಯಾಕೆ ಮುಖ್ಯ ಅಂದರೆ, ಟೀವಿಯವರು ಆ ಕಡೆಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದದ್ದು ಬೆಂಕಿ ಬಿದ್ದಾಗ, ಗುಂಡು ಹಾರಿದಾಗ. ಮದುವೆ, ನಾಮಕರಣ, ಹಿತ್ತಲಲ್ಲಿ ಮಾಂಸ ಸುಡುವ ಸೋದರಮಾವ, ಹೊಸ ಕಾರು ತೊಳೆಯುವ ಅಪ್ಪ, ಇವನ್ನೆಲ್ಲ ಅವರೇ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡರು. ಶಿಕಾಗೋ ಫಿಲ್ಮ್ ಆರ್ಕೈವ್ಸ್ ಅಂತ ಇನ್ನೊಂದು ಸಂಸ್ಥೆ ಇದೆ, 2003ರದ್ದು. ಇಲ್ಲಿನ ಪಬ್ಲಿಕ್ ಲೈಬ್ರರಿಗೆ ಬೇಡವಾಗಿದ್ದ ಸುಮಾರು 5,000 ಫಿಲ್ಮುಗಳನ್ನು ಉಳಿಸಿಕೊಳ್ಳಲು ಹೋಗಿ ಹುಟ್ಟಿದ್ದು. ವಿಡಿಯೋ ಟೇಪುಗಳಿಗೆ ಮೀಡಿಯಾ ಬರ್ನ್ ಅಂತ ಇದೆ. ಇವುಗಳಲ್ಲಿ ಸಾಕಷ್ಟನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ನಾನು ಹೋದ ಚಳಿಗಾಲ ಪೂರ್ತಿ ನೋಡಿದೆ. ಹೆಂಡತಿ ಬೈದಳು, ಆಮೇಲೆ ಅವಳೂ ಕೂತಳು.

ನೋಡುತ್ತಾ ಹೋದರೆ ಇತಿಹಾಸ ತಾನಾಗೇ ಬಿಚ್ಚಿಕೊಳ್ಳುತ್ತದೆ. 1910ರಲ್ಲಿ ಶಿಕಾಗೋದಲ್ಲಿದ್ದ ಕಪ್ಪು ಜನ ಸುಮಾರು 44,000. 1970ರ ಹೊತ್ತಿಗೆ 11 ಲಕ್ಷ, ಅಂದರೆ ಊರಿನ ಮೂರರಲ್ಲಿ ಒಂದು ಪಾಲು. ದಕ್ಷಿಣದ ಮಿಸಿಸಿಪ್ಪಿ, ಅಲಬಾಮಾ, ಲೂಸಿಯಾನಾದ ಹತ್ತಿ ಹೊಲಗಳಿಂದ, ಅಲ್ಲಿನ ಹಿಂಸೆಯಿಂದ ತಪ್ಪಿಸಿಕೊಂಡು ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಬಂದವರು ಅವರು. 1905ರಲ್ಲಿ ರಾಬರ್ಟ್ ಅಬಟ್ ಶುರು ಮಾಡಿದ ಶಿಕಾಗೋ ಡಿಫೆಂಡರ್ ಪತ್ರಿಕೆಯನ್ನು ರೈಲಿನ ಪೋರ್ಟರುಗಳು ಕದ್ದುಮುಚ್ಚಿ ದಕ್ಷಿಣಕ್ಕೆ ಸಾಗಿಸುತ್ತಿದ್ದರು, ಒಬ್ಬರು ಓದಿ ಹತ್ತು ಜನಕ್ಕೆ ಹೇಳುತ್ತಿದ್ದರು, ಇಲ್ಲಿ ಕೆಲಸ ಇದೆ ಬನ್ನಿ ಅಂತ. ಮೊದಲು ಬಂದವನ ಮನೆಯಲ್ಲಿ ಆಮೇಲೆ ಬಂದವರು ಇಳಿದುಕೊಳ್ಳುವುದು, ನೆಲದ ಮೇಲೆ ಮಲಗುವುದು, ಕೆಲಸ ಸಿಕ್ಕಮೇಲೆ ಊರಿಗೆ ದುಡ್ಡು ಕಳಿಸುವುದು. ಈ ಕಥೆ ನಮಗೆ ಯಾರಾದರೂ ಹೇಳಿಕೊಡಬೇಕಾ?

ಆದರೆ ಒಂದು ದೊಡ್ಡ ವ್ಯತ್ಯಾಸ. ಅವರು ಎಲ್ಲಿ ಬೇಕಾದರೂ ಮನೆ ಮಾಡುವಂತಿರಲಿಲ್ಲ. ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಅಂತ ಮನೆಗಳ ಪತ್ರದಲ್ಲೇ ಬರೆಸಿಡುತ್ತಿದ್ದರು. ಲಕ್ಷಗಟ್ಟಲೆ ಜನ ಒಂದು ಕಿರಿದಾದ ಪಟ್ಟಿಯಲ್ಲಿ ಒತ್ತಿಕೊಂಡು ಬದುಕಿದರು. ಆ ಇಕ್ಕಟ್ಟಿನಲ್ಲೇ 47ನೇ ಬೀದಿಯಲ್ಲಿ ರೀಗಲ್ ಥಿಯೇಟರ್ ಇತ್ತು, 1928ರಲ್ಲಿ ಶುರುವಾದದ್ದು, ಡ್ಯೂಕ್ ಎಲಿಂಗ್ಟನ್ ಬ್ಯಾಂಡು ನುಡಿಸಿದ, ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಹಾಡಿದ ಜಾಗ. 1973ರಲ್ಲಿ ಒಡೆದುಹಾಕಿದರು. ಆ ಬೀದಿಯ ಸಂಜೆ ಹೇಗಿತ್ತು, ಹೆಂಗಸರು ಎಂಥ ಕೋಟು ಹಾಕುತ್ತಿದ್ದರು, ಅಂಗಡಿ ಬೋರ್ಡುಗಳ ಬಣ್ಣ ಯಾವುದು ಅಂತ ಈಗ ನೋಡಬೇಕು ಅಂದರೆ ಯಾರೋ ಪೋಸ್ಟ್‌ಮ್ಯಾನೋ ಟೀಚರೋ ಉಳಿಸಿದ ದುಡ್ಡಲ್ಲಿ ಕೊಂಡ ಕ್ಯಾಮೆರಾದ ಮೂರು ನಿಮಿಷ ಬೇಕು.

ಉಳಿಯದೆ ಹೋದದ್ದು ಇನ್ನೂ ಜಾಸ್ತಿ. ಆಸ್ಕರ್ ಮಿಶೋ ಅಂತ ಒಬ್ಬ ಕಪ್ಪು ನಿರ್ದೇಶಕ, ಇದೇ ಶಿಕಾಗೋದಿಂದ ಸಿನಿಮಾ ಮಾಡಲು ಶುರು ಮಾಡಿದವನು. ಅವನ ಮೊದಲ ಸಿನಿಮಾ 1919ರದ್ದು, ಒಂದು ಅಡಿ ಫಿಲ್ಮೂ ಸಿಕ್ಕಿಲ್ಲ. ಮರುವರ್ಷ ಅವನ 'ವಿದಿನ್ ಅವರ್ ಗೇಟ್ಸ್' ತೆರೆಗೆ ಬಂತು. 1919ರ ಜುಲೈನಲ್ಲಿ ಇಲ್ಲಿ 38 ಜನ ಸತ್ತ ಜನಾಂಗದ ಗಲಭೆ ಇನ್ನೂ ಹಸಿಯಾಗಿತ್ತು, ಮತ್ತೆ ಹೊತ್ತಿಕೊಳ್ಳುತ್ತದೆ ಅಂತ ಸೆನ್ಸಾರಿನವರು ಹಿಂದೇಟು ಹಾಕಿದರು. ಆ ಸಿನಿಮಾ ಕೂಡ ದಶಕಗಳ ಕಾಲ ಕಳೆದೇ ಹೋಗಿತ್ತು. ಕೊನೆಗೆ ಒಂದೇ ಒಂದು ಪ್ರತಿ ಸ್ಪೇನ್ ದೇಶದ ಆರ್ಕೈವಿನಲ್ಲಿ ಸ್ಪ್ಯಾನಿಷ್ ಹೆಸರಿನಲ್ಲಿ ಕೂತಿತ್ತು. ಶಿಕಾಗೋದ ಕಥೆ ಶಿಕಾಗೋದಲ್ಲಿ ಉಳಿಯಲಿಲ್ಲ, ಸ್ಪೇನಿನಲ್ಲಿ ಉಳಿಯಿತು.

ಇನ್ನೊಂದು. ನಿಮ್ಮಲ್ಲಿ ಎಷ್ಟೋ ಜನ ಬೋರ್ಡ್ ಆಫ್ ಟ್ರೇಡ್ ಕಟ್ಟಡದ ಸುತ್ತಮುತ್ತ ಕೆಲಸ ಮಾಡುವವರು. ಅದರ 43ನೇ ಮಹಡಿಯಲ್ಲಿ ಒಂದು ಪುಟ್ಟ ಟೀವಿ ಸ್ಟುಡಿಯೋ ಇತ್ತು. 1970ರ ಆಗಸ್ಟ್ 17ರಂದು ಡಾನ್ ಕಾರ್ನೀಲಿಯಸ್ ಅಲ್ಲಿ 'ಸೋಲ್ ಟ್ರೇನ್' ಶುರು ಮಾಡಿದರು. ಸ್ಕೂಲು ಬಿಟ್ಟು ಬಂದ ಮಕ್ಕಳು ಕುಣಿಯುವ ಕಪ್ಪು ಬಿಳುಪು ಕಾರ್ಯಕ್ರಮ. ಮರುವರ್ಷವೇ ಅದು ಲಾಸ್ ಏಂಜಲೀಸ್‌ಗೆ ಹೋಗಿ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಶಿಕಾಗೋದಲ್ಲಿ ದಿನಾ ಬರುತ್ತಿದ್ದ ಆ ಮೂಲ ಕಂತುಗಳಲ್ಲಿ ಉಳಿದಿರುವುದು ತೀರಾ ಕಮ್ಮಿ. ಆಗಿನ ಟೇಪು ದುಬಾರಿ, ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡಿ ಅಳಿಸಿಬಿಡುವುದು ಟೀವಿಯವರ ವಾಡಿಕೆ.

ಮತ್ತೆ ಕೆಲವು ಸಲ ಫಿಲ್ಮ್ ಅಂದರೆ ಬರೀ ನೆನಪಲ್ಲ, ಸಾಕ್ಷಿ. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ವೆಸ್ಟ್ ಸೈಡಿನ ಒಂದು ಮನೆಗೆ ನುಗ್ಗಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಫ್ರೆಡ್ ಹ್ಯಾಂಪ್ಟನ್‌ನನ್ನೂ ಮಾರ್ಕ್ ಕ್ಲಾರ್ಕ್‌ನನ್ನೂ ಕೊಂದರು. ಹ್ಯಾಂಪ್ಟನ್‌ಗೆ 21 ವರ್ಷ. ಒಳಗಿನಿಂದ ಗುಂಡಿನ ಮಳೆ ಬಂತು, ನಾವು ತಿರುಗಿ ಹೊಡೆದೆವು ಅಂತ ಅಧಿಕಾರಿಗಳು ಹೇಳಿದರು. ಹ್ಯಾಂಪ್ಟನ್ ಬಗ್ಗೆ ಆಗಲೇ ಚಿತ್ರ ತೆಗೆಯುತ್ತಿದ್ದ ಇಲ್ಲಿನ ತಂಡವೊಂದು, ಪೊಲೀಸರು ಬೀಗ ಹಾಕದೆ ಬಿಟ್ಟುಹೋಗಿದ್ದ ಆ ಮನೆಗೆ ಹೋಗಿ ಗೋಡೆ, ಬಾಗಿಲು, ಹಾಸಿಗೆ ಎಲ್ಲವನ್ನೂ ತೆಗೆದಿಟ್ಟಿತು. ಒಳಗಿನಿಂದ ಹಾರಿದ ಗುಂಡಿನ ತೂತು ಅಂತ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿದ್ದದ್ದು ಮೊಳೆಯ ತಲೆಗಳು. ಹಾರಿದ ಎಂಬತ್ತಕ್ಕೂ ಹೆಚ್ಚು ಗುಂಡುಗಳಲ್ಲಿ ಪ್ಯಾಂಥರುಗಳದ್ದು ಒಂದೇ ಒಂದು ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಇದನ್ನು ನಾನು ರಾಜ್ಯೋತ್ಸವದಲ್ಲಿ ತೋರಿಸಿ ಅನ್ನುತ್ತಿಲ್ಲ. ಮಕ್ಕಳಿರುತ್ತಾರೆ, ಒಪ್ಪುತ್ತೇನೆ. ದೊಡ್ಡವರು ಮನೆಯಲ್ಲಾದರೂ ನೋಡಬಹುದಲ್ವಾ?

ಈಗ ಆ ಮೊದಲ ಪ್ರಶ್ನೆಗೆ ಬರುತ್ತೇನೆ. ನಮಗೂ ಅವರಿಗೂ ಏನು ಸಂಬಂಧ?

ನಾನು ಹನ್ನೊಂದು ವರ್ಷ ನೇಪರ್‌ವಿಲ್‌ನಿಂದ ಬಿಎನ್ಎಸ್ಎಫ್ ಟ್ರೇನಿನಲ್ಲಿ ಡೌನ್‌ಟೌನ್‌ಗೆ ಓಡಾಡಿದವನು. ನಿಮ್ಮಲ್ಲಿ ನೂರಾರು ಜನ ಈಗಲೂ ಓಡಾಡುತ್ತೀರಿ. ಯೂನಿಯನ್ ಸ್ಟೇಷನ್ ಬರುವ ಸ್ವಲ್ಪ ಮೊದಲು ಸಿಸೆರೋ ಅಂತ ಒಂದು ಸ್ಟೇಷನ್ ಇದೆ, ಎಕ್ಸ್‌ಪ್ರೆಸ್ ಗಾಡಿ ನಿಲ್ಲುವುದಿಲ್ಲ, ಅಲ್ಲಿ ನಾವು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಲು ಶುರು ಮಾಡುತ್ತೇವೆ. 1966ರ ಮೇ ತಿಂಗಳಲ್ಲಿ ಆ ಊರಿಗೆ ಕೆಲಸ ಹುಡುಕಿಕೊಂಡು ಹೋದ ಒಬ್ಬ ಕಪ್ಪು ಹುಡುಗನನ್ನು ಹೊಡೆದು ಕೊಂದರು. ಅದೇ ಸೆಪ್ಟೆಂಬರ್ 4ರಂದು ಕಪ್ಪು ಜನರ ಒಂದು ಮೆರವಣಿಗೆ ಆ ಊರೊಳಗೆ ಹೋಯಿತು, ನಮಗೂ ಎಲ್ಲಿ ಬೇಕಾದರೂ ಮನೆ ಮಾಡುವ ಹಕ್ಕಿದೆ ಅಂತ. ಅದರ ಫಿಲ್ಮ್ ಇದೆ. 'ಸಿಸೆರೋ ಮಾರ್ಚ್', ಎಂಟೇ ನಿಮಿಷ. 2013ರಲ್ಲಿ ಅದು ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದರೆ ದೇಶ ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿತು. ನೋಡಿ. ಬೀದಿಯ ಎರಡೂ ಬದಿಯಲ್ಲಿ ನಿಂತು ಕಿರುಚುವವರ ಮುಖ ನೋಡಿ. ನಡುವೆ ನಡೆದುಹೋಗುವವರ ಮುಖವನ್ನೂ ನೋಡಿ. ಅದೇ ಬೇಸಿಗೆಯ ಆಗಸ್ಟ್ 5ರಂದು ಮಾರ್ಕೆಟ್ (Marquette) ಪಾರ್ಕಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಲೆಗೆ ಕಲ್ಲು ಬಿದ್ದಿತ್ತು. ದಕ್ಷಿಣದಲ್ಲೆಲ್ಲೂ ಅಲ್ಲ, ನಮ್ಮ ಶಿಕಾಗೋದಲ್ಲಿ.

ಕಿಂಗ್ ಕೊಲೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಫೇರ್ ಹೌಸಿಂಗ್ ಕಾನೂನು ಬಂತು. ಬಣ್ಣ, ಧರ್ಮ, ಯಾವ ದೇಶದಿಂದ ಬಂದವರು ಅಂತ ನೋಡಿ ಮನೆ ಕೊಡಲ್ಲ ಅನ್ನುವ ಹಾಗಿಲ್ಲ. ಅದಕ್ಕೂ ಮೊದಲು, 1965ರ ಅಕ್ಟೋಬರ್‌ನಲ್ಲಿ ವಲಸೆ ಕಾನೂನು ಬದಲಾಯಿತು. ಅಲ್ಲಿಯವರೆಗೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ನೂರು! ನಮ್ಮ ಸಂಘದ ಊಟದ ಒಂದು ಪಂಕ್ತಿಗೇ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಈ ಎರಡು ಕಾನೂನೂ ಬಂದದ್ದು ಅದೇ ಹೋರಾಟದ ಗಾಳಿಯಲ್ಲಿ. ನಮ್ಮ ವೀಸಾ, ನಮ್ಮ ನಾಲ್ಕು ಬೆಡ್‌ರೂಮು, ಹಿತ್ತಲಿನ ಕರಿಬೇವಿನ ಕುಂಡ, ಎಲ್ಲಕ್ಕೂ ಮೊದಲು ಆ ಬೀದಿಯಲ್ಲಿ ಯಾರೋ ಕಲ್ಲೇಟು ತಿಂದಿದ್ದಾರೆ.

ಇದೂ ಬೇಡ ಅನ್ನುವವರಿಗೆ ವಿವೇಕಾನಂದರ ಲೆಕ್ಕ ಹೇಳುತ್ತೇನೆ. ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲರೂ ತಪ್ಪದೆ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಕರೆದುಕೊಂಡು ಹೋಗುತ್ತೇವೆ, 1893ರ ಸೆಪ್ಟೆಂಬರ್ 11ರಂದು ಸ್ವಾಮೀಜಿ ಮಾತಾಡಿದ ಜಾಗ ಅಂತ. ಆ ಸಮ್ಮೇಳನ ನಡೆದದ್ದು ಒಂದು ದೊಡ್ಡ ವಿಶ್ವಮೇಳದ ಭಾಗವಾಗಿ, ಮೇಳ ಇದ್ದದ್ದು ಸೌತ್ ಸೈಡಿನ ಜ್ಯಾಕ್ಸನ್ ಪಾರ್ಕಿನಲ್ಲಿ. ಅದೇ ವರ್ಷ, ಅದೇ ಮೇಳದಲ್ಲಿ, ಹೈಟಿ ದೇಶದ ಮಳಿಗೆಯಲ್ಲಿ ಕೂತು ಕಪ್ಪು ಜನರ ಹಕ್ಕಿಗೆ ಹೋರಾಡಿದ ಐಡಾ ಬಿ. ವೆಲ್ಸ್ ಮತ್ತು ಫ್ರೆಡರಿಕ್ ಡಗ್ಲಸ್ ಒಂದು ಕಿರುಪುಸ್ತಕ ಹಂಚುತ್ತಿದ್ದರು. ಈ ಮೇಳದಲ್ಲಿ ಅಮೆರಿಕದ ಕಪ್ಪು ಜನ ಯಾಕೆ ಇಲ್ಲ ಅನ್ನುವುದೇ ಅದರ ವಿಷಯ. ಒಂದು ಕಡೆ 'ಸಹೋದರ ಸಹೋದರಿಯರೇ' ಅನ್ನುವ ಮಾತಿಗೆ ಚಪ್ಪಾಳೆ, ಇನ್ನೊಂದು ಕಡೆ ಇದು. ನಾವು ಅರ್ಧವನ್ನು ಮಾತ್ರ ಮಕ್ಕಳಿಗೆ ಹೇಳಿದ್ದೇವೆ.

ಕ್ರೈಮ್ ಬಗ್ಗೆ ಕೇಳುತ್ತೀರಿ, ಗೊತ್ತು. ಇದೆ. ಕೆಲವು ಬೀದಿಗಳಲ್ಲಿ ರಾತ್ರಿ ನಾನೂ ಓಡಾಡುವುದಿಲ್ಲ, ಅಲ್ಲಿ ಇರುವವರೂ ಓಡಾಡುವುದಿಲ್ಲ. ಬೆಂಗಳೂರಿನಲ್ಲಿ ಅಂಥ ಬೀದಿ ಇಲ್ಲವಾ? ಅದಕ್ಕೆ ನಾವು ಇಡೀ ದಕ್ಷಿಣ ಬೆಂಗಳೂರಿಗೇ ಹೋಗಬೇಡಿ ಅಂತ ಹೇಳುತ್ತೇವಾ?

ಈಗ ನೋವಿನ ವಿಷಯ, ನಮ್ಮದು. ಈ ಸಂಘ ಕಟ್ಟಿದವರಲ್ಲಿ ಒಬ್ಬ ರಾಯರು ಇದ್ದರು. ಎಂಬತ್ತರ ದಶಕದಿಂದ ಪ್ರತಿ ಕಾರ್ಯಕ್ರಮವನ್ನೂ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಇಟ್ಟುಕೊಂಡು ವಿಎಚ್ಎಸ್ ಟೇಪಿನಲ್ಲಿ ತೆಗೆದವರು. ಅವರು ತೀರಿಕೊಂಡ ಮೇಲೆ ಮನೆ ಮಾರುವಾಗ ಅವರ ಮಗ ಎರಡು ಸಲ ಸಂಘಕ್ಕೆ ಇಮೇಲ್ ಮಾಡಿದ, ಟೇಪುಗಳಿವೆ, ತಗೊಂಡು ಹೋಗ್ತೀರಾ ಅಂತ. ಯಾರೂ ಉತ್ತರ ಕೊಡಲಿಲ್ಲ. ನನಗೆ ಗೊತ್ತಾಗಿ ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಡಂಪ್‌ಸ್ಟರ್ ನಿಂತಿತ್ತು. ಒಳಗೆ ಇಳಿದು ಹುಡುಕಿದೆ, ನಾಚಿಕೆ ಏನಿಲ್ಲ. ಸಿಕ್ಕಿದ್ದು ಒಂಬತ್ತು ಟೇಪು. ಒಂದರ ಮೇಲೆ ನೀಲಿ ಪೆನ್ನಿನಲ್ಲಿ 'ಯುಗಾದಿ 1987' ಅಂತ ರಾಯರ ದುಂಡು ಅಕ್ಷರ. ಒಳಗೆ ಟೇಪಿನ ಮೇಲೆ ಬಿಳೀ ಬೂಸ್ಟು. ಒರೆಸಿ ಹಾಕಿ ನೋಡೋಣ ಅಂದರೆ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲೇ ನಿಲ್ಲಿಸಿಬಿಟ್ಟಿದೆ. ಎಲ್ಲೋ ಹುಡುಕಿ ಹಳೇದೊಂದು ತಂದೆ. ಒಂಬತ್ತರಲ್ಲಿ ಎರಡು ಓಡಿದವು. ಒಂದರಲ್ಲಿ ಹದಿನಾರು ಸೆಕೆಂಡು ಮಾತ್ರ ಸರಿಯಾಗಿ ಕಾಣುತ್ತದೆ. ಒಂದು ಶಾಲೆಯ ಜಿಮ್ಮು, ಬಾಸ್ಕೆಟ್‌ಬಾಲ್ ಗೂಡಿನ ಕೆಳಗೆ ಮಾವಿನ ತೋರಣ, ಚಿಕ್ಕ ಹುಡುಗ ಮೈಸೂರು ಪೇಟ ಹಾಕಿಕೊಂಡು ಮೈಕಿನ ಎತ್ತರ ಸಾಲದೆ ಹಿಮ್ಮಡಿ ಎತ್ತಿ ನಿಂತಿದ್ದಾನೆ. ಆಮೇಲೆ ಬರೀ ಗೆರೆಗಳು.

ಆ ಹುಡುಗ ಯಾರು ಅಂತ ಕೇಳಿದೆ. ಹೇಳುವವರು ಯಾರೂ ಇಲ್ಲ. ವಾಷಿಂಗ್ಟನ್ ಪಾರ್ಕಿನ ಆ ಹಾಲಿನಲ್ಲಿ ಹಿಂದಿನ ಸಾಲಿನಿಂದ ಕೂಗಿ ಹೇಳುವ ಅಜ್ಜಿಯಾದರೂ ಇದ್ದರು.

ಹಾಗಾಗಿ ಅಧ್ಯಕ್ಷರೇ, ನನ್ನ ಬೇಡಿಕೆ ಈಗ ಸ್ವಲ್ಪ ದೊಡ್ಡದಾಗಿದೆ. ಆ ಇಪ್ಪತ್ತು ನಿಮಿಷ ಮತ್ತೆ ಕೇಳುತ್ತಿದ್ದೇನೆ, ರಾಜ್ಯೋತ್ಸವಕ್ಕೆ ಇನ್ನೂ ಸಮಯ ಇದೆ. ಹೋಮ್ ಮೂವಿ ಪ್ರಾಜೆಕ್ಟ್‌ನವರಿಗೆ ನಾನೇ ಬರೆದು ಕೇಳುತ್ತೇನೆ. ಸುಮ್ಮನೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ತೋರಿಸುವುದು ಬೇಡ. ಅವು ಒಂದೊಂದು ಮನೆಯವರ ಆಸ್ತಿ, ಒಪ್ಪಿಗೆ ಪಡೆದು, ಶುಲ್ಕ ಇದ್ದರೆ ಕಟ್ಟಿ, ಅವರ ಹೆಸರು ಹೇಳಿ ತೋರಿಸೋಣ. ಆ ಖರ್ಚು ನನ್ನದು. ಬರುವ ಹಿರಿಯರನ್ನು ಕಾರ್ಯಕ್ರಮ ಮುಗಿಯುವ ಹೊತ್ತಿಗೆ, ಜನ ಊಟದ ಕ್ಯೂಗೆ ಎದ್ದು ಹೋಗುವಾಗ ಮಾತಾಡಿಸಬೇಡಿ, ಮಧ್ಯದಲ್ಲಿ ಮಾತಾಡಿಸಿ. ಅವರನ್ನು ಕರೆಯುವುದು ಉಪಕಾರ ಮಾಡಲು ಅಂತ ಯಾರೂ ಮೈಕಿನಲ್ಲಿ ಹೇಳಬೇಡಿ. ಇನ್ನು ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನು ಒಂದು ಶನಿವಾರ ಸೌತ್ ಸೈಡಿನ ಬ್ರಾಂಜ್‌ವಿಲ್‌ಗೆ ಕರೆದುಕೊಂಡು ಹೋಗಲು ಒಪ್ಪಿಗೆ ಕೊಡಿ, ಬಸ್ಸಿಗೆ ಚಂದಾ ನಾನು ಎತ್ತುತ್ತೇನೆ. ಹಾಗೇ ವಾಷಿಂಗ್ಟನ್ ಪಾರ್ಕಿನಲ್ಲಿರುವ, ಕಪ್ಪು ಜನರ ಇತಿಹಾಸದ ಡ್ಯೂಸಾಬಲ್ ಮ್ಯೂಸಿಯಂ ತೋರಿಸೋಣ. 1961ರಲ್ಲಿ ಮಾರ್ಗರೆಟ್ ಬರೋಸ್ ಅನ್ನುವ ಟೀಚರು ತಮ್ಮ ಮನೆಯಲ್ಲೇ ಶುರು ಮಾಡಿದ್ದು ಅದು, ಸಂಘ ಕಟ್ಟುವವರು ಮುದ್ದಾಂ ನೋಡಬೇಕು. ಮತ್ತೆ ಎಲ್ಲರೂ, ದಯವಿಟ್ಟು, ನಿಮ್ಮ ಬೇಸ್‌ಮೆಂಟಿನ ಡಬ್ಬಿಗಳನ್ನು ತೆರೆದು ನೋಡಿ. ಟೇಪು ಸಿಕ್ಕರೆ ಬಿಸಾಡಬೇಡಿ, ನನಗೆ ಹೇಳಿ. ವಿಸಿಆರ್ ಇನ್ನೂ ಓಡುತ್ತಿದೆ.

ಇದನ್ನು ಓದಿ ಸಂಘದ ಮರ್ಯಾದೆ ತೆಗೆದ ಅಂತ ಅನ್ನುವವರು ಅನ್ನಲಿ. ನಾನು ಮೊದಲು ಸಮಿತಿಗೇ ಹೇಳಿದ್ದೆ.

ಆಗಸ್ಟ್ ತಿಂಗಳ ಎರಡನೇ ಶನಿವಾರ ಕಿಂಗ್ ಡ್ರೈವಿನಲ್ಲಿ ಬಡ್ ಬಿಲಿಕೆನ್ ಪೆರೇಡ್ ಇದೆ. 1929ರಿಂದ ನಡೆದು ಬಂದದ್ದು, ಮಕ್ಕಳು ಸ್ಕೂಲಿಗೆ ಹೋಗುವ ಮೊದಲಿನ ಹಬ್ಬ. ಬ್ಯಾಂಡು, ಡೋಲು, ಕುಣಿತ, ಫುಟ್‌ಪಾತ್ ತುಂಬ ಒಲೆ ಹಚ್ಚಿ ಅಡಿಗೆ. ನಮ್ಮ ದಸರಾ ಮೆರವಣಿಗೆಯಿಂದ ಆನೆ ತೆಗೆದರೆ ಹೇಗೋ ಹಾಗೆ. ನನ್ನ ಹಳೇ ಸಹೋದ್ಯೋಗಿ ಅವರ ಜಾಗದಲ್ಲಿ ಕೂರಲು ಕರೆದಿದ್ದಾರೆ. ಬೆಳಿಗ್ಗೆ ಏಳಕ್ಕೆ ನೇಪರ್‌ವಿಲ್‌ನಿಂದ ಹೊರಡುತ್ತೇನೆ, ವ್ಯಾನಿನಲ್ಲಿ ಐದು ಸೀಟು ಖಾಲಿ ಇದೆ. ಪುಳಿಯೋಗರೆ ನಾನು ತರುತ್ತೇನೆ. ಮಡಚುವ ಕುರ್ಚಿ ನಿಮ್ಮ ಹತ್ತಿರ ಬೇಕಾದಷ್ಟಿವೆ, ಎರಡು ತನ್ನಿ.

ಇಂತಿ,
ನಿಮ್ಮವನೇ ಒಬ್ಬ ಆಜೀವ ಸದಸ್ಯ